ಐದು ದೇಶಗಳು, ಒಂದು ರೈಲುದಾರಿ: ಸಿಂಗಪುರದಿಂದ ಕುನ್‌ಮಿಂಗ್‌ವರೆಗೆ

ಹಿಂದೆ ಮದರಾಸಿನಿಂದ ಮೈಸೂರಿಗೆ ರೈಲಿನಲ್ಲಿ ಬರುವವರು ಬೆಂಗಳೂರಿನಲ್ಲಿ ಇಳಿದು ಗಾಡಿ ಬದಲಾಯಿಸಬೇಕಾಗಿತ್ತು. ಮದರಾಸಿನ ಕಡೆಯ ಹಳಿಗಳ ನಡುವಣ ಅಂತರ 1,676 ಮಿಲಿಮೀಟರ್. ಮೈಸೂರಿನ ಕಡೆಯ ಹಳಿಗಳದು 1,000 ಮಿಲಿಮೀಟರ್. ಒಂದೇ ದೇಶ, ಒಂದೇ ಊರು. ಆದರೂ ಒಂದು ಗಾಡಿ ಇನ್ನೊಂದರ ದಾರಿಯಲ್ಲಿ ಹೋಗಲಾರದಾಗಿತ್ತು. ಮೂಟೆ ಮುಡಿಗಳನ್ನು ಹೊತ್ತುಕೊಂಡು ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಓಡಿದ ನೆನಪು ಮನೆಯ ಹಿರಿಯರಿಗೆ ಇನ್ನೂ ಇರಬಹುದು.

ಒಂದು ದೇಶದೊಳಗೇ ಹೀಗಿದ್ದರೆ, ಐದು ದೇಶಗಳನ್ನು ಹಾದುಹೋಗುವ ರೈಲು ಪ್ರಯಾಣವನ್ನು ಯೋಜಿಸುವುದು ಹೇಗೆ? ಕಳೆದ ಬೇಸಗೆಯ ರಜೆಯಲ್ಲಿ ನಾವು ಕೆಲವು ವಿದ್ಯಾರ್ಥಿಗಳನ್ನು ಜೊತೆಗಿಟ್ಟುಕೊಂಡು, ಭೂಪಟವನ್ನೂ ವೇಳಾಪಟ್ಟಿಗಳನ್ನೂ ಹರಡಿಕೊಂಡು ಅಂತಹದೊಂದು ಯೋಜನೆಯನ್ನು ಸಿದ್ಧಪಡಿಸಲು ಕುಳಿತೆವು. ಭಾರತದಿಂದ ಪೂರ್ವಕ್ಕೆ ಬರ್ಮಾ ದೇಶದೊಳಗೆ ಹೋಗುವ ರೈಲುದಾರಿ ಇಲ್ಲ. ಆದುದರಿಂದ ಸಿಂಗಪುರದವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಚೀನದ ಯುನ್ನಾನ್ ಪ್ರಾಂತದ ಕುನ್‌ಮಿಂಗ್ ನಗರದವರೆಗೆ ನೆಲದ ಮೇಲೆಯೇ ಸಾಗುವುದೆಂದು ನಿಶ್ಚಯಿಸಿದೆವು. ದಾರಿ ಸುಮಾರು ಮೂರೂವರೆ ಸಾವಿರ ಕಿಲೋಮೀಟರ್. ದಾಟಬೇಕಾದ ಗಡಿಗಳು ನಾಲ್ಕು.

ಈ ಕೆಲಸದಲ್ಲಿ ನಾವು ಕಲಿತ ಮುಖ್ಯ ಪಾಠವೊಂದಿದೆ. ಗಡಿಯೆಂದರೆ ಭೂಪಟದ ಮೇಲಿನ ಗೆರೆ ಮಾತ್ರವಲ್ಲ. ಅಲ್ಲಿ ಅಳತೆಗಳೇ ಬದಲಾಗುತ್ತವೆ. ಕೆಲವೆಡೆ ಕಾಲದ ಅಳತೆ, ಕೆಲವೆಡೆ ಹಳಿಯ ಅಳತೆ. ಇವನ್ನು ಲೆಕ್ಕಿಸದೆ ಬರೆದ ಯೋಜನೆ ಎಷ್ಟು ಅಂದವಾಗಿದ್ದರೂ ಪ್ರಯಾಣಿಕನನ್ನು ನಡುದಾರಿಯಲ್ಲಿ ಕೈಬಿಡುತ್ತದೆ.

ದಾರಿಯ ಪರಿಚಯ

ಸಿಂಗಪುರದ ಹಳೆಯ ತಾಂಜೋಂಗ್ ಪಗಾರ್ ನಿಲ್ದಾಣವು 2011ರಲ್ಲಿ ಮುಚ್ಚಿತು. ಆದುದರಿಂದ ಪ್ರಯಾಣಿಕನು ದ್ವೀಪದ ಉತ್ತರದ ಅಂಚಿಗೆ ಹೋಗಿ, ಜಲಸಂಧಿಯನ್ನು ದಾಟಿ, ಜೋಹೋರ್ ಬಾರು ಎಂಬ ಊರಿನಲ್ಲಿ ಮಲೇಷ್ಯದ ರೈಲನ್ನು ಹಿಡಿಯಬೇಕು. ಅಲ್ಲಿಂದ ಕ್ವಾಲಾಲಂಪುರ, ಮುಂದೆ ಉತ್ತರದ ಗಡಿಯ ಪದಾಂಗ್ ಬೆಸಾರ್. ಇಲ್ಲಿ ಮಲೇಷ್ಯ ಮತ್ತು ಥಾಯ್ಲೆಂಡ್ ಎರಡೂ ದೇಶಗಳ ಅಧಿಕಾರಿಗಳು ಒಂದೇ ನಿಲ್ದಾಣದಲ್ಲಿ ರಹದಾರಿಗಳನ್ನು ಪರೀಕ್ಷಿಸುತ್ತಾರೆ. ವಿದ್ಯುತ್ ರೈಲು ಇಲ್ಲಿಗೆ ಮುಗಿಯುತ್ತದೆ. ಡೀಸೆಲ್ ಗಾಡಿ ಇಲ್ಲಿಂದ ಮೊದಲಾಗುತ್ತದೆ. ಮುಂದಿನ ಜಂಕ್ಷನ್ ಹಾಟ್ ಯಾಯ್. ಅಲ್ಲಿಂದ ಒಂದು ರಾತ್ರಿಯ ಪ್ರಯಾಣ ಬ್ಯಾಂಕಾಕಿಗೆ.

ಬ್ಯಾಂಕಾಕಿನಿಂದ ಇನ್ನೊಂದು ರಾತ್ರಿ ಸಾಗಿದರೆ ಮೆಕಾಂಗ್ ನದಿಯ ದಡದ ನೋಂಗ್ ಖಾಯ್. ನದಿಯ ಮೇಲೆ 1994ರಲ್ಲಿ ತೆರೆದ ಸ್ನೇಹ ಸೇತುವೆಯಿದೆ. ರಸ್ತೆಯ ನಟ್ಟನಡುವೆಯೇ ಹಳಿಗಳನ್ನು ಹಾಕಿರುವುದರಿಂದ, ರೈಲು ದಾಟುವಾಗ ಮೋಟಾರು ಗಾಡಿಗಳು ನಿಂತು ಕಾಯುತ್ತವೆ. 2009ರಿಂದ ರೈಲು ಈ ಸೇತುವೆಯನ್ನು ದಾಟುತ್ತಿದೆ. 2024ರ ಜುಲೈಯಲ್ಲಿ ಅದು ಲಾವೋಸಿನ ರಾಜಧಾನಿ ವಿಯೆಂಟಿಯಾನಿನ ಖಾಮ್‌ಸವಾತ್ ನಿಲ್ದಾಣದವರೆಗೆ ಮುಂದುವರಿಯಿತು. ಅದೇ ನಗರದ ಇನ್ನೊಂದು ನಿಲ್ದಾಣದಿಂದ ಕುನ್‌ಮಿಂಗ್‌ಗೆ 1,035 ಕಿಲೋಮೀಟರಿನ ಹೊಸ ದಾರಿ ಹೊರಡುತ್ತದೆ. ಇದು 2021ರ ಡಿಸೆಂಬರಿನಲ್ಲಿ ತೆರೆಯಿತು. ಗಡಿ ದಾಟುವ ಪ್ರಯಾಣಿಕ ರೈಲು 2023ರ ಏಪ್ರಿಲ್‌ನಲ್ಲಿ ಆರಂಭವಾಯಿತು.

ಸೂರ್ಯ ಒಬ್ಬನೇ, ಗಡಿಯಾರ ಎರಡು

ಈ ದಾರಿಯ ಒಂದು ವಿಶೇಷವನ್ನು ವಾಚಕರು ಭೂಪಟದಲ್ಲಿ ಗಮನಿಸಬೇಕು. ಅದು ಹೆಚ್ಚು ಕಡಮೆ ನೇರವಾಗಿ ಉತ್ತರಕ್ಕೆ ಹೋಗುತ್ತದೆ. ಸಿಂಗಪುರದ ರೇಖಾಂಶ ಪೂರ್ವ 103.8 ಡಿಗ್ರಿ, ಬ್ಯಾಂಕಾಕಿನದು 100.5, ಕುನ್‌ಮಿಂಗ್‌ನದು 102.7. ಭೂಮಿಯು 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುವುದರಿಂದ ಒಂದು ಡಿಗ್ರಿಗೆ 4 ನಿಮಿಷಗಳಾಗುತ್ತವೆ. ಸಿಂಗಪುರಕ್ಕೂ ಬ್ಯಾಂಕಾಕಿಗೂ ಇರುವ ವ್ಯತ್ಯಾಸ 3.3 ಡಿಗ್ರಿ, ಅಂದರೆ 13 ನಿಮಿಷ. ಸೂರ್ಯನನ್ನೇ ನಂಬುವುದಾದರೆ ದಾರಿಯುದ್ದಕ್ಕೂ ಗಡಿಯಾರವನ್ನು ಮುಟ್ಟುವ ಅವಶ್ಯಕತೆಯೇ ಇಲ್ಲ.

ಆದರೆ ಗಡಿಯಾರವನ್ನು ಎರಡು ಬಾರಿ ತಿರುಗಿಸಬೇಕು! ಸಿಂಗಪುರ, ಮಲೇಷ್ಯಗಳ ಕಾಲ ಗ್ರೀನಿಚ್ ಕಾಲಕ್ಕಿಂತ 8 ಗಂಟೆ ಮುಂದು. ಥಾಯ್ಲೆಂಡ್, ಲಾವೋಸ್‌ಗಳದು 7 ಗಂಟೆ. ಚೀನದ್ದು ಮತ್ತೆ 8 ಗಂಟೆ. ಪದಾಂಗ್ ಬೆಸಾರಿನಲ್ಲಿ ಒಂದು ಗಂಟೆ ಹಿಂದಕ್ಕೆ, ಚೀನದ ಗಡಿಯಲ್ಲಿ ಒಂದು ಗಂಟೆ ಮುಂದಕ್ಕೆ. ಸೂರ್ಯನು ನೆತ್ತಿಗೆ ಬರುವ ಸರಾಸರಿ ವೇಳೆಯನ್ನು ಆಯಾ ಊರಿನ ಗಡಿಯಾರದ ಪ್ರಕಾರ ಲೆಕ್ಕ ಹಾಕಿದರೆ ಹೀಗಾಗುತ್ತದೆ:

ಸಿಂಗಪುರ – ಮಧ್ಯಾಹ್ನ 1 ಗಂಟೆ 5 ನಿಮಿಷ
ಕ್ವಾಲಾಲಂಪುರ – 1 ಗಂಟೆ 13 ನಿಮಿಷ
ಬ್ಯಾಂಕಾಕ್ – 12 ಗಂಟೆ 18 ನಿಮಿಷ
ವಿಯೆಂಟಿಯಾನ್ – 12 ಗಂಟೆ 10 ನಿಮಿಷ
ಕುನ್‌ಮಿಂಗ್ – 1 ಗಂಟೆ 9 ನಿಮಿಷ

ಈ ವಿಚಿತ್ರಕ್ಕೆ ಕಾರಣ ಆಕಾಶದಲ್ಲಿಲ್ಲ, ಚರಿತ್ರೆಯಲ್ಲಿದೆ. ಮಲೇಷ್ಯದ ಎರಡು ಭಾಗಗಳ ನಡುವೆ ಸಮುದ್ರವಿದೆ. ಪೂರ್ವದ ಸಾಬಾ ಮತ್ತು ಸರವಾಕ್ ಪ್ರಾಂತಗಳ ಕಾಲವನ್ನೇ ಪಶ್ಚಿಮದ ಭಾಗವೂ 1982ರ ಜನವರಿ 1ರಂದು ಅಂಗೀಕರಿಸಿತು; ಸಿಂಗಪುರವೂ ಅದನ್ನೇ ಅನುಸರಿಸಿತು. ಅದುವರೆಗೆ ಇವುಗಳ ಗಡಿಯಾರ ಗ್ರೀನಿಚ್‌ಗಿಂತ ಏಳೂವರೆ ಗಂಟೆ ಮುಂದಿತ್ತು. ಚೀನವಾದರೋ ತನ್ನ ವಿಸ್ತಾರವಾದ ನೆಲಕ್ಕೆಲ್ಲ ಪೂರ್ವ 120 ಡಿಗ್ರಿ ರೇಖಾಂಶದ ಒಂದೇ ಕಾಲವನ್ನು ಇಟ್ಟುಕೊಂಡಿದೆ. ನಮ್ಮಲ್ಲಿಯೂ ಹೀಗೆಯೇ ಅಲ್ಲವೇ? ಭಾರತದ ಕಾಲವು 82.5 ಡಿಗ್ರಿಯದು, ಬೆಂಗಳೂರು 77.6 ಡಿಗ್ರಿಯಲ್ಲಿರುವುದರಿಂದ ಇಲ್ಲಿ ಸೂರ್ಯನು ಸರಾಸರಿ 12 ಗಂಟೆ 20 ನಿಮಿಷಕ್ಕೆ ನೆತ್ತಿಗೆ ಬರುತ್ತಾನೆ.

ನಾವು ಎಡವಿದ್ದು ಇಲ್ಲಿಯೇ. ಹೋಗುವ ಯೋಜನೆಯನ್ನು ಬರೆದ ಮೇಲೆ, ಹಿಂದಿರುಗುವುದಕ್ಕೆ ಅದನ್ನೇ ತಿರುವುಮುರುವಾಗಿ ಬರೆದರಾಯಿತೆಂದು ತಿಳಿದೆವು. ಪದಾಂಗ್ ಬೆಸಾರಿಗೆ ಥಾಯ್ ರೈಲು ಬೆಳಿಗ್ಗೆ 8ಕ್ಕೆ ಬಂದು, ಮಲೇಷ್ಯದ ರೈಲು 8 ಗಂಟೆ 45 ನಿಮಿಷಕ್ಕೆ ಹೊರಡುವುದೆಂದು ಇಟ್ಟುಕೊಳ್ಳೋಣ. ನಡುವೆ ಮುಕ್ಕಾಲು ಗಂಟೆ ಸಾಕೆಂದು ನಾವು ಬರೆದೆವು. ಬಿ.ಎಸ್‌ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಸಂಕೋಚದಿಂದ, “ಸಾರ್, ನಾವು ಇಳಿಯುವಾಗ ಅಲ್ಲಿ ಒಂಬತ್ತು ಗಂಟೆಯಾಗಿರುತ್ತದೆಯಲ್ಲವೇ?” ಎಂದಳು. ಅವಳ ಮಾತು ನಿಜ. ಥಾಯ್ ಗಡಿಯಾರದ 8 ಮಲೇಷ್ಯದ ಗಡಿಯಾರದಲ್ಲಿ 9. ನಾವು ಹಿಡಿಯಬೇಕೆಂದಿದ್ದ ರೈಲು ನಾವು ಇಳಿಯುವ ಕಾಲು ಗಂಟೆ ಮೊದಲೇ ಹೊರಟುಹೋಗಿರುತ್ತದೆ! ಆ ರೈಲಿಗೆ ಹೊಂದಿಸಿದ ಮುಂದಿನ ರೈಲು, ವಸತಿ, ಕೊನೆಗೆ ವಿಮಾನವೂ ಒಂದರ ಹಿಂದೆ ಒಂದರಂತೆ ತಪ್ಪಿಹೋಗುತ್ತವೆ. ಹೋಗುವಾಗ ಇದೇ ತಪ್ಪಿನಿಂದ ಆಗುವ ನಷ್ಟವೆಂದರೆ ಒಂದು ಗಂಟೆ ಹೆಚ್ಚಾಗಿ ಕಾಯುವುದಷ್ಟೇ. ತಪ್ಪು ಒಂದೇ; ಫಲ ಎರಡು ದಿಕ್ಕುಗಳಲ್ಲಿ ಬೇರೆ ಬೇರೆ.

ಅಂದಿನಿಂದ ನಾವು ಯೋಜನೆಯ ಕಾಗದದಲ್ಲಿ ಎರಡು ಅಂಕಣಗಳನ್ನು ಹಾಕಿದೆವು: ಒಂದರಲ್ಲಿ ಸ್ಥಳೀಯ ಕಾಲ, ಇನ್ನೊಂದರಲ್ಲಿ ಗ್ರೀನಿಚ್ ಕಾಲ. ಕಳೆಯುವುದು ಕೂಡುವುದು ಎಲ್ಲವೂ ಎರಡನೆಯ ಅಂಕಣದಲ್ಲಿ ಮಾತ್ರ. ವಿಜ್ಞಾನದ ವಿದ್ಯಾರ್ಥಿಗೆ ಇದು ಹೊಸದಲ್ಲ. ಸೆಂಟಿಮೀಟರನ್ನೂ ಅಂಗುಲವನ್ನೂ ಹಾಗೆಯೇ ಕೂಡಬಾರದೆಂಬುದು ಮೊದಲ ಪಾಠ.

ಹಳಿಯ ಅಗಲದ ಲೆಕ್ಕ

ಜೋಹೋರ್ ಬಾರುವಿನಿಂದ ಖಾಮ್‌ಸವಾತ್‌ವರೆಗೆ ಹಳಿಗಳ ಅಂತರ ಒಂದು ಮೀಟರ್. ವಿಯೆಂಟಿಯಾನಿನಿಂದ ಕುನ್‌ಮಿಂಗ್‌ಗೆ ಹೋಗುವ ಹಳಿಗಳ ಅಂತರ 1,435 ಮಿ.ಮೀ. ಆದುದರಿಂದ ವಿಯೆಂಟಿಯಾನಿನಲ್ಲಿ ಪ್ರಯಾಣಿಕನು ಒಂದು ನಿಲ್ದಾಣದಲ್ಲಿ ಇಳಿದು, ರಸ್ತೆಯಲ್ಲಿ ಹೋಗಿ, ಇನ್ನೊಂದು ನಿಲ್ದಾಣದಲ್ಲಿ ಹತ್ತಬೇಕು. ಸರಕಿನ ಪೆಟ್ಟಿಗೆಗಳನ್ನಾದರೆ ಕ್ರೇನುಗಳು ಒಂದು ಗಾಡಿಯಿಂದ ಎತ್ತಿ ಇನ್ನೊಂದರ ಮೇಲೆ ಇಡುತ್ತವೆ.

ಹಳಿಯ ಅಗಲವನ್ನು ಬೇರೆ ಬೇರೆಯಾಗಿ ಏಕೆ ಆರಿಸುತ್ತಾರೆ? ರೈಲಿನ ಎರಡು ಗಾಲಿಗಳು ಒಂದೇ ಅಚ್ಚಿಗೆ ಬಿಗಿಯಾಗಿ ಕೂಡಿಕೊಂಡಿರುತ್ತವೆ. ಎರಡೂ ಒಟ್ಟಿಗೆ ಸುತ್ತಬೇಕು. ಆದರೆ ತಿರುವಿನಲ್ಲಿ ಹೊರಗಿನ ಹಳಿ ಒಳಗಿನದಕ್ಕಿಂತ ಉದ್ದ. ಕಾಲು ವೃತ್ತದಷ್ಟು ತಿರುಗಿದಾಗ ಮೀಟರ್ ಗೇಜಿನಲ್ಲಿ ಹೊರಗಿನ ಗಾಲಿಯು ಸುಮಾರು 1.57 ಮೀಟರ್ ಹೆಚ್ಚಾಗಿ ಹೋಗಬೇಕು, 1,435 ಮಿ.ಮೀ. ಗೇಜಿನಲ್ಲಿ ಸುಮಾರು 2.25 ಮೀಟರ್. ಗಾಲಿಯ ಅಂಚನ್ನು ಸ್ವಲ್ಪ ಇಳಿಜಾರಾಗಿ ಮಾಡಿರುವುದರಿಂದ ಈ ವ್ಯತ್ಯಾಸವು ಒಂದು ಮಿತಿಯವರೆಗೆ ಸರಿಹೋಗುತ್ತದೆ. ಹಳಿ ಕಿರಿದಾದಷ್ಟೂ ತಿರುವು ಬಿಗಿಯಾಗಿರಬಹುದು. ಆದುದರಿಂದ ಹಳೆಯ ಕಾಲದವರು ಮೀಟರ್ ಗೇಜನ್ನು ಹಾಕಿ, ಗುಡ್ಡಗಳನ್ನು ಕೊರೆಯುವುದರ ಬದಲು ಬಳಸಿಕೊಂಡು ಹೋದರು. ಖರ್ಚು ಕಡಮೆ, ವೇಗವೂ ಕಡಮೆ.

ಲಾವೋಸಿನ ಹೊಸ ದಾರಿಯಲ್ಲಿ ರೈಲು ಗಂಟೆಗೆ 160 ಕಿ.ಮೀ. ವೇಗದಲ್ಲಿ ಹೋಗಬಲ್ಲುದು. ಅಂತಹ ವೇಗಕ್ಕೆ ವಿಶಾಲವಾದ ತಿರುವು ಬೇಕು. ಈ ವೇಗದಲ್ಲಿ 2,000 ಮೀಟರ್ ತ್ರಿಜ್ಯದ ತಿರುವನ್ನು ಸಮತೋಲವಾಗಿ ದಾಟಬೇಕಾದರೆ ಹೊರಹಳಿಯನ್ನು ಸುಮಾರು 15 ಸೆಂಟಿಮೀಟರ್ ಎತ್ತರಿಸಬೇಕಾಗುತ್ತದೆ. ತ್ರಿಜ್ಯವು ಅರ್ಧವಾದರೆ ಅದರ ಎರಡರಷ್ಟು. ಅಷ್ಟೊಂದು ವಾಲಿಸಲಾಗದು. ದಾರಿ ಬಳುಕಲಾರದು, ಬೆಟ್ಟವನ್ನೇ ಕೊರೆಯಬೇಕು. ಲಾವೋಸ್ ಭಾಗದಲ್ಲಿ 75 ಸುರಂಗಗಳಿರುವುದಕ್ಕೆ ಇದೇ ಕಾರಣ. ಗಡಿಯ ಕೆಳಗೇ ಹಾದುಹೋಗುವ ಸುರಂಗವೊಂದು ಒಂಬತ್ತೂವರೆ ಕಿಲೋಮೀಟರಿಗೂ ಉದ್ದವಾಗಿದೆ.

ಹಿಂದೊಮ್ಮೆ ಥಾಯ್ಲೆಂಡಿನಲ್ಲಿಯೂ ಎರಡು ಅಗಲಗಳಿದ್ದವು. ಬ್ಯಾಂಕಾಕಿನಿಂದ ಈಶಾನ್ಯಕ್ಕೆ 1900ರಲ್ಲಿ ತೆರೆದ ದಾರಿ 1,435 ಮಿ.ಮೀ.; ದಕ್ಷಿಣದ ದಾರಿಯನ್ನು ಮಲಯದೊಡನೆ ಹೊಂದಿಸಲು ಮೀಟರ್ ಗೇಜಿನಲ್ಲಿ ಹಾಕಿದರು. 1918ರಲ್ಲಿ ಅದು ಪದಾಂಗ್ ಬೆಸಾರಿನಲ್ಲಿ ಕೂಡಿಕೊಂಡಿತು. ಅನಂತರ 1930ರ ಹೊತ್ತಿಗೆ ಅಗಲದ ಹಳಿಗಳನ್ನೆಲ್ಲ ಕಿತ್ತು ಮೀಟರ್ ಗೇಜಿಗೆ ಬದಲಾಯಿಸಿದರು. ನೆರೆಯವನ ಅಳತೆಗೆ ಒಂದು ದೇಶವು ತನ್ನ ದಾರಿಯನ್ನೇ ಕಿರಿದುಗೊಳಿಸಿತು! ಅದರ ಫಲವಾಗಿ ಇಂದಿಗೂ ಜೋಹೋರಿನಿಂದ ವಿಯೆಂಟಿಯಾನ್‌ವರೆಗೆ ಹಳಿಯ ಅಗಲ ಒಂದೇ.

ಎಲ್ಲಿ ತಂಗಬೇಕು?

ಸಾಮಾನ್ಯವಾಗಿ ಜನರು ನೋಡತಕ್ಕ ಸ್ಥಳಗಳನ್ನು ಆರಿಸಿ ಅಲ್ಲಿ ತಂಗುತ್ತಾರೆ. ನಾವು ಅದಕ್ಕೆ ಇನ್ನೊಂದು ನಿಯಮವನ್ನು ಸೇರಿಸಿದೆವು. ಅಳತೆ ಬದಲಾಗುವ ಪ್ರತಿಯೊಂದು ಕೀಲಿನ ಬಳಿಯೂ ಒಂದು ರಾತ್ರಿ ತಂಗಬೇಕು. ಒಂದು ದೇಶದ ರೈಲು ತಡವಾದರೆ ಇನ್ನೊಂದು ದೇಶದ ರೈಲು ಅದಕ್ಕಾಗಿ ಕಾಯುವುದೆಂದು ನಂಬಿ ಹೊರಡಬಾರದು. ಹೀಗೆ ಕ್ವಾಲಾಲಂಪುರದಲ್ಲಿ ಎರಡು ರಾತ್ರಿ, ಹಾಟ್ ಯಾಯ್‌ನಲ್ಲಿ ಒಂದು, ಬ್ಯಾಂಕಾಕಿನಲ್ಲಿ ಎರಡು, ವಿಯೆಂಟಿಯಾನಿನಲ್ಲಿ ಎರಡು, 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಲುವಾಂಗ್ ಪ್ರಬಾಂಗ್‌ನಲ್ಲಿ ಎರಡು. ರೈಲಿನಲ್ಲಿಯೇ ಕಳೆಯುವ ರಾತ್ರಿಗಳು ಎರಡು. ಹನ್ನೆರಡನೆಯ ದಿನ ಕುನ್‌ಮಿಂಗ್.

ಚೀನದ ಗಡಿಯಲ್ಲಿ ಲಾವೋಸಿನ ಬೋಟೆನ್ ನಿಲ್ದಾಣದಲ್ಲಿ ಒಮ್ಮೆ, ಚೀನದ ಮೊಹಾನ್ ನಿಲ್ದಾಣದಲ್ಲಿ ಮತ್ತೊಮ್ಮೆ ಸಾಮಾನುಗಳೊಡನೆ ಇಳಿದು ತಪಾಸಣೆಗೆ ನಿಲ್ಲಬೇಕು. ಆದುದರಿಂದ ಸ್ವತಃ ಎತ್ತಲಾಗದ ಪೆಟ್ಟಿಗೆಯನ್ನು ಒಯ್ಯಬಾರದು. ದಕ್ಷಿಣ ಥಾಯ್ಲೆಂಡಿನಲ್ಲಿ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಈಶಾನ್ಯ ಮಾರುತದ ಮಳೆ ಜೋರು. ಆ ಕಾಲವನ್ನು ಬಿಡುವುದು ಲೇಸು. ಕುನ್‌ಮಿಂಗ್ ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಸುಮಾರು 94 ಡಿಗ್ರಿ ಸೆಂಟಿಗ್ರೇಡಿಗೇ ಕುದಿಯುತ್ತದೆ; ಬೆಚ್ಚನೆಯ ಉಡುಪು ಬೇಕು. ಪ್ರತಿಯೊಂದು ದೇಶದ ಪ್ರವೇಶಾನುಮತಿಯ ನಿಯಮಗಳು ಆಗಾಗ್ಗೆ ಬದಲಾಗುವುದರಿಂದ, ಚೀಟಿ ಕೊಳ್ಳುವ ಮೊದಲು ಆಯಾ ದೂತಾವಾಸಗಳಿಂದ ಖಚಿತಪಡಿಸಿಕೊಳ್ಳತಕ್ಕದ್ದು.

ಕೊನೆಯದಾಗಿ ವಾಚಕರಿಗೊಂದು ಲೆಕ್ಕ. ವೇಳಾಪಟ್ಟಿಯಲ್ಲಿ ವಿಯೆಂಟಿಯಾನಿನಿಂದ ಕುನ್‌ಮಿಂಗ್‌ಗೆ ಹೊರಡುವ ಮತ್ತು ಸೇರುವ ವೇಳೆಗಳ ವ್ಯತ್ಯಾಸವನ್ನು ಬರೆದುಕೊಳ್ಳಿರಿ. ಹಿಂದಿರುಗುವ ರೈಲಿನದನ್ನೂ ಬರೆದುಕೊಳ್ಳಿರಿ. ನಿಜವಾದ ಪ್ರಯಾಣಕಾಲ ಎರಡು ಕಡೆಯೂ ಒಂದೇ ಆಗಿದ್ದರೆ, ಕಾಗದದ ಮೇಲೆ ಇವೆರಡರ ನಡುವೆ ಎಷ್ಟು ಅಂತರ ಕಾಣಬೇಕು? ನಿಜವಾದ ಕಾಲವನ್ನು ಇವೆರಡರಿಂದ ಹೇಗೆ ಪಡೆಯಬಹುದು? ಇದಕ್ಕೆ ಉತ್ತರ ಹೇಳಬಲ್ಲ ವಿದ್ಯಾರ್ಥಿಯು ಪದಾಂಗ್ ಬೆಸಾರಿನಲ್ಲಿ ರೈಲು ತಪ್ಪಿಸಿಕೊಳ್ಳಲಾರನು.