ಪ್ರೋಟೀನ್ ಪೌಡರ್ ಕುಡಿತೀರಾ? ಹೆಚ್ಚಾದ ಪ್ರೋಟೀನ್ ದೇಹದಲ್ಲಿ ಎಲ್ಲಿಗೆ ಹೋಗುತ್ತೆ ಗೊತ್ತಾ?

ಹೈದರಾಬಾದ್: ಕೂಕಟ್‌ಪಲ್ಲಿಯ ಕೆಪಿಎಚ್‌ಬಿ ಕಾಲೋನಿ ಎಂದರೆ ಹಾಸ್ಟೆಲ್, ಟಿಫಿನ್ ಸೆಂಟರ್, ಜಿಮ್. ಹೈಟೆಕ್ ಸಿಟಿಯ ಐಟಿ ಉದ್ಯೋಗಿಗಳು ಹೆಚ್ಚಾಗಿ ಉಳಿಯುವ ಜಾಗ ಇದು. ಜಿಮ್‌ಗೆ ಸೇರಿದವರ ಕೈಗೆ ಬೇಗನೇ ಬರುವುದು ಪ್ರೋಟೀನ್ ಪೌಡರ್ ಡಬ್ಬಿ. ಆದರೆ ಇದೇ ನಗರದ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ, 2024ರ ಮೇನಲ್ಲಿ ಬಿಡುಗಡೆ ಮಾಡಿದ ಆಹಾರ ಮಾರ್ಗಸೂಚಿಯಲ್ಲಿ, ಮೈಕಟ್ಟಿಗಾಗಿ ಇಂಥ ಸಪ್ಲಿಮೆಂಟ್ ಬೇಡ ಎಂದಿದೆ. ಯಾಕೆ?

ತಿಂದ ಪ್ರೋಟೀನ್ ಕರುಳಿನಲ್ಲಿ ಅಮೈನೋ ಆಮ್ಲಗಳಾಗಿ ಒಡೆಯುತ್ತದೆ. ಇವು 20 ಬಗೆ. ಅದರಲ್ಲಿ 9 ಬಗೆಯನ್ನು ದೇಹ ತಾನೇ ತಯಾರಿಸಲಾರದು, ಊಟದಿಂದಲೇ ಬರಬೇಕು. ಸ್ನಾಯು, ಚರ್ಮ, ಹಾರ್ಮೋನ್‌ಗಳಿಗೆ ಬೇಕಾದಷ್ಟು ಬಳಕೆಯಾಗುತ್ತದೆ. ಉಳಿದದ್ದು? ಕೊಬ್ಬನ್ನು ಸೊಂಟದ ಸುತ್ತ ಕೂಡಿಡುವ ದೇಹಕ್ಕೆ ಅಮೈನೋ ಆಮ್ಲ ಕೂಡಿಡಲು ಉಗ್ರಾಣವೇ ಇಲ್ಲ.

ಲಿವರ್ ಮಾಡುವ ಕೆಲಸ

ಹೆಚ್ಚುವರಿ ಅಮೈನೋ ಆಮ್ಲದಿಂದ ಲಿವರ್ ಸಾರಜನಕದ ಭಾಗವನ್ನು ಬೇರ್ಪಡಿಸುತ್ತದೆ. ಆಗ ಹುಟ್ಟುವ ಅಮೋನಿಯಾ ಮೆದುಳಿಗೆ ವಿಷ. ಹಾಗಾಗಿ ಲಿವರ್ ಅದನ್ನು ಯೂರಿಯಾ ಆಗಿ ಬದಲಿಸುತ್ತದೆ. ಹೌದು, ರೈತರು ಹೊಲಕ್ಕೆ ಹಾಕುವ ಯೂರಿಯಾವೇ! ಈ ಕ್ರಿಯೆಯನ್ನು 1932ರಲ್ಲಿ ಜರ್ಮನಿಯಲ್ಲಿ ಹಾನ್ಸ್ ಕ್ರೆಬ್ಸ್ ಮತ್ತು ಕರ್ಟ್ ಹೆನ್ಸೆಲೈಟ್ ಕಂಡುಹಿಡಿದರು. ಯೂರಿಯಾವನ್ನು ಕಿಡ್ನಿ ಸೋಸಿ, ನೀರಿನೊಂದಿಗೆ ಹೊರಹಾಕುತ್ತದೆ. ಸಾರಜನಕ ಕಳೆದು ಉಳಿದ ಭಾಗ ಶಕ್ತಿಯಾಗಿ ಉರಿಯುತ್ತದೆ, ಇಲ್ಲವೇ ಗ್ಲೂಕೋಸ್ ಅಥವಾ ಕೊಬ್ಬಾಗುತ್ತದೆ. ಅಂದರೆ ಸಾವಿರಾರು ರೂಪಾಯಿಯ ಪೌಡರ್‌ನಲ್ಲಿ ಹೆಚ್ಚಾದ ಪಾಲು, ಇನ್ನೊಂದು ತಟ್ಟೆ ಅನ್ನ ಉಂಡಷ್ಟೇ ಲೆಕ್ಕ.

ಹಾಗಾದರೆ ಎಷ್ಟು ಬೇಕು? ಆರೋಗ್ಯವಂತ ವಯಸ್ಕರಿಗೆ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ. 60 ಕೆಜಿ ಇದ್ದವರಿಗೆ ಸುಮಾರು 50 ಗ್ರಾಂ. ಕಷ್ಟದ ವ್ಯಾಯಾಮ ಮಾಡುವವರಿಗೆ ಇನ್ನೂ ಸ್ವಲ್ಪ. ಒಂದು ಮೊಟ್ಟೆಯಲ್ಲೇ 6 ಗ್ರಾಂ ಇರುತ್ತದೆ.

ಗಟ್ಟಿ ಕಿಡ್ನಿಗೆ ಈ ಹೊರೆ ದೊಡ್ಡದಲ್ಲ. ಆದರೆ ಕಿಡ್ನಿ ಕಾಯಿಲೆ ಶುರುವಿನಲ್ಲಿ ಸುಳಿವೇ ಕೊಡುವುದಿಲ್ಲ, ಅಪಾಯ ಇರುವುದು ಅಲ್ಲೇ. ಶುಗರ್, ಬಿಪಿ ಇದ್ದವರು ಡಬ್ಬಿ ತೆರೆಯುವ ಮೊದಲು ಕ್ರಿಯಾಟಿನಿನ್ ರಕ್ತಪರೀಕ್ಷೆ, ಮೂತ್ರಪರೀಕ್ಷೆ ಮಾಡಿಸಿ ವೈದ್ಯರನ್ನು ಕೇಳುವುದು ಒಳ್ಳೆಯದು.

ವಿಟಮಿನ್ ಕಥೆಯೇ ಬೇರೆ

ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಮೂತ್ರ ಗಾಢ ಹಳದಿಯಾಗುವುದನ್ನು ನೀವೂ ಗಮನಿಸಿರಬಹುದು. ಅದು ದೇಹ ಬೇಡವೆಂದ ರೈಬೋಫ್ಲಾವಿನ್. ವಿಟಮಿನ್ ಸಿ ಕೂಡ ಹೆಚ್ಚಾದರೆ ಹೀಗೇ ಹೊರಹೋಗುತ್ತದೆ. ಎ ಮತ್ತು ಡಿ ಹಾಗಲ್ಲ, ಲಿವರ್ ಮತ್ತು ಕೊಬ್ಬಿನಲ್ಲಿ ಕೂಡಿಕೊಳ್ಳುತ್ತವೆ. ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೇ ಪೆಟ್ಟು. ವಾರಕ್ಕೊಂದು ಎಂದು ವೈದ್ಯರು ಬರೆದ 60,000 ಐಯು ಡಿ ಮಾತ್ರೆಯನ್ನು ದಿನಕ್ಕೊಂದು ನುಂಗಬೇಡಿ.