ಜಠರದ ಶಸ್ತ್ರಚಿಕಿತ್ಸೆಯೂ ಆಹಾರದ ಪ್ರಮಾಣವೂ
ಸ್ಥೂಲಕಾಯದ ನಿವಾರಣೆಗಾಗಿ ನಡೆಸುವ ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿ ಎರಡು ಘಟ್ಟಗಳನ್ನು ನಾವು ಗುರುತಿಸಬಹುದು. 1954ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಕ್ರೆಮೆನ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನವು ಸಣ್ಣ ಕರುಳಿನ ಬಹುಭಾಗವನ್ನು ಬದಿಗಿರಿಸಿ, ಉಂಡುದು ಮೈಗೆ ಹತ್ತದಂತೆ ಮಾಡಿತು. ಅತಿಸಾರ, ಯಕೃತ್ತಿನ ವಿಕಾರಗಳು ತಲೆದೋರಿದ್ದರಿಂದ ಕ್ರಮೇಣ ಅದನ್ನು ಕೈಬಿಡಲಾಯಿತು. 1966ರಲ್ಲಿ ಅಯೋವದ ಮೇಸನ್ ಮತ್ತು ಇಟೊ ಅವರು ಜಠರದ ಮೇಲ್ಭಾಗವನ್ನು ಕಿರುಚೀಲವಾಗಿ ಬೇರ್ಪಡಿಸಿ ಕರುಳಿಗೆ ಜೋಡಿಸಿದರು. ಊಟವೇ ಕಿರಿದಾದ ಮೇಲೆ, ಆ ಅಲ್ಪದಲ್ಲಿ ಏನಿರಬೇಕೆಂಬುದು ಮುಖ್ಯ ಪ್ರಶ್ನೆಯಾಯಿತು.

ಮೊದಲ ವಾರಗಳಲ್ಲಿ ದಿನಕ್ಕೆ ಸುಮಾರು 400ರಿಂದ 800, ಮುಂದೆ ಕ್ರಮೇಣ 1000ದಿಂದ 1200 ಕ್ಯಾಲೊರಿಗಳು ಸಲ್ಲುವುದು ವಾಡಿಕೆ. ಅದರಲ್ಲಿ ಕನಿಷ್ಠ 60 ಗ್ರಾಂ ಪ್ರೋಟೀನು ಇಲ್ಲದಿದ್ದರೆ ಕೊಬ್ಬಿನೊಡನೆ ಸ್ನಾಯುವೂ ಕರಗುವುದು. ಜೀವಸತ್ತ್ವಗಳ ಕೊರತೆಯಿಂದ ರಕ್ತಹೀನತೆ ಉಂಟಾಗಬಹುದು. ಆದಕಾರಣ ಕ್ಯಾಲೊರಿಯ ಅಂಕಿಯೊಂದನ್ನೇ ನೆಚ್ಚಿದರೆ, ಪೋಷಣೆಯನ್ನು ಕಡೆಗಣಿಸಿದ ಹಳೆಯ ವಿಧಾನದ ದೋಷವೇ ಮರುಕಳಿಸುವುದೆಂದು ನಾವು ಭಾವಿಸುತ್ತೇವೆ.