ವಸತಿಹೀನರಿಗೂ ವ್ಯಸನ ಚಿಕಿತ್ಸೆಯ ಹಕ್ಕು

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲೋ, ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲೋ, ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲೋ ಸೂರಿಲ್ಲದೆ ಮಲಗುವ ವ್ಯಕ್ತಿಯು ಅಫೀಮು ವರ್ಗದ ಮಾದಕಕ್ಕೆ, ಅಂದರೆ ಹೆರಾಯಿನ್‌ಗೋ ಕೆಲವು ಪ್ರಬಲ ನೋವುನಿವಾರಕಗಳಿಗೋ ವ್ಯಸನಿಯಾಗಿದ್ದರೆ, ಅವನಿಗೆ ಚಿಕಿತ್ಸೆಯ ಹಕ್ಕಿದೆಯೇ?

ಖಂಡಿತ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಪ್ತಿಗೆ ಸೇರಿಸುತ್ತದೆ. ಅದರ 18ನೆಯ ಸೆಕ್ಷನ್ ನಿರ್ಗತಿಕರಿಗೆ, ವಸತಿಹೀನರಿಗೆ ಮತ್ತು ಬಿಪಿಎಲ್ ಕಾರ್ಡ್ ಇಲ್ಲದ ಬಡವರಿಗೂ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ ಚಿಕಿತ್ಸೆಯನ್ನು ಖಾತರಿಪಡಿಸುತ್ತದೆ.

ಈ ವ್ಯಸನದ ಚಿಕಿತ್ಸೆಯಲ್ಲಿ ಬಳಸುವ, ನಾಲಿಗೆಯಡಿ ಇರಿಸಿಕೊಳ್ಳುವ ಬುಪ್ರೆನಾರ್ಫಿನ್ ಗುಳಿಗೆಯು ಮಿದುಳಿನಲ್ಲಿ ಅಫೀಮು ಕೆಲಸ ಮಾಡುವ ಜಾಗಗಳ ಮೇಲೆಯೇ ಮಿತವಾಗಿ ವರ್ತಿಸಿ, ಮಾದಕ ನಿಂತಾಗ ಕಾಡುವ ಮೈಕೈ ನೋವು, ವಾಂತಿ, ನಿದ್ರಾಹೀನತೆಗಳನ್ನೂ ಮತ್ತೆ ಬೇಕೆನ್ನುವ ತೀವ್ರ ತುಡಿತವನ್ನೂ ತಗ್ಗಿಸುತ್ತದೆ. ಆದರೆ ಇದನ್ನು ವೈದ್ಯರ ನಿಗಾದಲ್ಲಿ ತಿಂಗಳುಗಟ್ಟಲೆ ಸೇವಿಸಬೇಕಾದುದರಿಂದ, ಬಸ್ಸಿಗೆ ಹಣವಿಲ್ಲದವನಿಗೆ ಆಸ್ಪತ್ರೆಯ ದೂರವೇ ದೊಡ್ಡ ತಡೆಯಾಗುತ್ತದೆ.

ಆದಕಾರಣ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೇವೆಯು ತಾಲ್ಲೂಕು ಆಸ್ಪತ್ರೆಯಿಂದಾಚೆಗೆ, ಬೆಟ್ಟದ ಪ್ರಾಥಮಿಕ ಆರೋಗ್ಯ ಕೇಂದ್ರಗಳವರೆಗೂ ತಲುಪಬೇಕು. ಗುರುತಿನ ಚೀಟಿಯಿಲ್ಲವೆಂಬ ಕಾರಣಕ್ಕೆ ಯಾರನ್ನೂ ಹಿಂದಕ್ಕೆ ಕಳುಹಿಸಬಾರದು. ಇಂಥವರನ್ನು ಕಂಡವರು ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಅಥವಾ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿಯಾದ 14446 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.